ಕಲೋಲೈನೆಯ ಮಂಚದ ಎತ್ತರ

ನಮ್ಮ ಹಳ್ಳಿಯಲ್ಲಿ ಒಬ್ಬ ಹೆಂಗಸಿನ ಯೋಗ್ಯತೆ ತಿಳಿಯಬೇಕಾದರೆ ಅವಳ ಮಂಚವನ್ನು ನೋಡಬೇಕು. ಒಳ್ಳೆಯ ಕೇದಗೆ ಚಾಪೆಗಳನ್ನು ನಾವು ಹಾಸಿಗೆಯ ಕೆಳಗೆ ಒಂದರ ಮೇಲೊಂದು ಹರವಿ ಇಡುತ್ತೇವೆ. ಅಲ್ಲಿ ಅವು ಮಡಿಕೆ ಬೀಳುವುದಿಲ್ಲ, ಮೇಲೆ ಮಲಗಿದವರನ್ನು ದಾಟಿ ಕಳ್ಳ ಬರುವುದಿಲ್ಲ. ಬಡವಿಯ ಹಾಸಿಗೆಯ ಕೆಳಗೆ ಎರಡು ಚಾಪೆ, ಪಾದ್ರಿಯ ಹೆಂಡತಿಯದರ ಕೆಳಗೆ ಹತ್ತು. ಕಲೋಲೈನೆಯ ಹಾಸಿಗೆಯ ಕೆಳಗೆ ಎಷ್ಟಿದ್ದವೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಎತ್ತರವನ್ನಷ್ಟೇ ಹೇಳುತ್ತೇನೆ. ಅವಳು ಮಲಗಲು ಏಣಿ ಹತ್ತುತ್ತಿದ್ದಳು. ಬೆಳಿಗ್ಗೆ ಇಳಿದು ನೆಲ ಮುಟ್ಟುವಷ್ಟರಲ್ಲಿ ರಾತ್ರಿ ಕಂಡ ಕನಸು ಮರೆತುಹೋಗುತ್ತಿತ್ತು. ಒಂದು ಬೇಸಿಗೆಯಲ್ಲಿ ಅವಳ ದಿಂಬಿನ ಪಕ್ಕದಲ್ಲೇ ಗುಬ್ಬಿಯೊಂದು ಗೂಡು ಕಟ್ಟಿ ಮೂರು ಮರಿ ಮಾಡಿತು. ಮರಿಗಳನ್ನು ನಾನು ನೋಡಿದ್ದೇನೆ, ನನ್ನ ಕಣ್ಣು ಆಗ ಚೆನ್ನಾಗಿತ್ತು.

ಆ ಚಾಪೆಗಳಲ್ಲಿ ಒಂದನ್ನೂ ಕಲೋಲೈನೆ ನೇಯ್ದಿರಲಿಲ್ಲ. ಅವಳ ಬೆರಳು ಕೇದಗೆ ಎಳೆಯ ಜೊತೆ ಎಂದೂ ಹೊಂದಿಕೊಳ್ಳಲಿಲ್ಲ. ಅವಳು ಜೀವಮಾನದಲ್ಲಿ ಮುಗಿಸಿದ ಏಕೈಕ ಚಾಪೆಯ ಮೇಲೆ ನಮ್ಮ ನಾಯಿ ಕೂಡ ಮೂರು ಸುತ್ತು ಹಾಕಿ ನೆಲದ ಮೇಲೆಯೇ ಮಲಗಿತು. ಅವಳಿಗೆ ಅದರ ಅಗತ್ಯವೂ ಇರಲಿಲ್ಲ. ಅವಳು ಹುಟ್ಟಿದ್ದೇ ಅಕ್ಕನಾಗಿ.

ಟೋಂಗಾದಲ್ಲಿ ಅಕ್ಕನಾಗಿ ಹುಟ್ಟುವುದು ಒಂದು ಉದ್ಯೋಗ. ನಮ್ಮಲ್ಲಿ ಗಂಡಸಿಗಿಂತ ಅವನ ಒಡಹುಟ್ಟಿದವಳು ದೊಡ್ಡವಳು. ಅವನ ಮಕ್ಕಳ ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಸಾವಿರಲಿ, ಸೋದರತ್ತೆ ಬಂದು ಎಲ್ಲರ ಮುಂದೆ ಎತ್ತರದ ಜಾಗದಲ್ಲಿ ಕೂರುತ್ತಾಳೆ. ಅವಳಿಗೆ ಫಾಹು ಎಂದು ಹೆಸರು. ಬಂದ ಉಡುಗೊರೆಯಲ್ಲಿ ಒಳ್ಳೆಯ ಚಾಪೆ ಅವಳದು, ದೊಡ್ಡ ಹಂದಿ ಅವಳದು, ಕೇಕಿನ ಮೇಲಿನ ಅಂತಸ್ತು ಅವಳದು. ಮದುಮಗಳು ಉಟ್ಟದ್ದನ್ನೂ ಬಿಚ್ಚಿ ಕೊಡು ಎಂದರೆ ಕೊಡಬೇಕು. ಆದರೆ ಆ ಜಾಗ ಒಂದೇ. ಇಬ್ಬರು ಸೋದರತ್ತೆಯರಿದ್ದರೆ ಹಿರಿಯಳು ಕೂರುತ್ತಾಳೆ, ಕಿರಿಯಳು ಹಿತ್ತಲಿನಲ್ಲಿ ಅಡುಗೆಗೆಂದು ನೆಲದೊಲೆಯ ಕಲ್ಲು ಕಾಯಿಸುತ್ತಾಳೆ.

ಕಿರಿಯಳು ತೋಕಿಲುಪೆ. ಅವಳು ಹುಟ್ಟಿದ್ದು ಕಲೋಲೈನೆ ಹುಟ್ಟಿದ ಹನ್ನೊಂದು ತಿಂಗಳಿಗೆ. ಹನ್ನೊಂದು ತಿಂಗಳು ತಡವಾಗಿ ಬಂದದ್ದಕ್ಕೆ ಐವತ್ತು ವರ್ಷ ಹೊಗೆ ಕುಡಿದವಳು ಅವಳು. ದೇವರು ಅವಳಿಗೆ ಪರಿಹಾರವಾಗಿ ಬೆರಳು ಕೊಟ್ಟಿದ್ದ. ತೋಕಿಲುಪೆ ನೇಯ್ದ ಚಾಪೆಯ ಮೇಲೆ ಇರುವೆ ನಡೆದರೆ ಜಾರಿ ಬೀಳುತ್ತಿತ್ತು. ಅಂಥ ಚಾಪೆಯನ್ನು ಅವಳು ತಮ್ಮನ ಮನೆಯ ಪ್ರತಿ ಸಮಾರಂಭಕ್ಕೂ ಹೊತ್ತುಕೊಂಡು ಬರುತ್ತಿದ್ದಳು, ಅತ್ತೆಯಾದವಳು ಬರಿಗೈಯಲ್ಲಿ ಬರುವಂತಿಲ್ಲ. ಎಲ್ಲರ ಮುಂದೆ ಅದನ್ನು ಹರವುತ್ತಿದ್ದರು. ಜನ ಆಹಾ ಎನ್ನುತ್ತಿದ್ದರು. ಆಮೇಲೆ ಅದನ್ನು ಮಡಿಸಿ ಕಲೋಲೈನೆಯ ಕಾಲ ಬಳಿ ಇಡುತ್ತಿದ್ದರು. ಸಂಜೆಗೆ ಅವಳ ಮಂಚ ಇನ್ನೊಂದು ಬೆರಳು ಎತ್ತರವಾಗುತ್ತಿತ್ತು.

ಹೀಗೆ ಕಲೋಲೈನೆ ಮೂವತ್ತು ವರ್ಷ ತಂಗಿಯ ಬೆನ್ನುನೋವಿನ ಮೇಲೆ ಹಾಯಾಗಿ ಮಲಗಿದಳು.

ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳಿಗೆ ಇದ್ದದ್ದು ಎರಡು ಕೋಣೆಯ ಮನೆ, ಆ ಮಂಚ, ಮತ್ತು ಆರು ಮಕ್ಕಳ ತಂದೆಯಾದ ತಮ್ಮ ಸಾಯ್ಮೋನೆ. ಸಾಯ್ಮೋನೆಯ ಹೆಂಡತಿ ಬಸುರಿ ಎಂದು ಗೊತ್ತಾದಾಗಲೆಲ್ಲ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಕಲೋಲೈನೆ. ಒಂದು ಮಗು ಎಂದರೆ ಒಂದು ಮೊದಲ ಹುಟ್ಟುಹಬ್ಬ, ಒಂದು ಇಪ್ಪತ್ತೊಂದನೆಯ ಹುಟ್ಟುಹಬ್ಬ, ಒಂದು ಮದುವೆ. ಅವಳು ಬೆರಳು ಮಡಿಸುವುದನ್ನು ನಾನು ಬೇಲಿಯಾಚೆಯಿಂದ ಕಂಡಿದ್ದೇನೆ.

ಇನ್ನು ಸಿಹಿಗುಂಬಳದ ವಿಚಾರ.

ಜಪಾನಿನವರಿಗೆ ಕುಂಬಳವೆಂದರೆ ಪ್ರಾಣ ಎಂದು ಯಾರೋ ಹೇಳಿದರು. ಹೇಳಿದವನನ್ನು ಆಮೇಲೆ ಯಾರೂ ಕಾಣಲಿಲ್ಲ. ಮೊದಲೆರಡು ವರ್ಷ ಹಡಗು ಬಂತು, ಕುಂಬಳ ಹೋಯಿತು, ಊರಿಗೆ ಟ್ರಕ್ಕುಗಳು ಬಂದವು, ಪಾದ್ರಿಗೆ ಹೊಸ ಹಲ್ಲು ಬಂತು. ಮೂರನೆಯ ವರ್ಷ ಇಡೀ ದ್ವೀಪ ಗೆಣಸು ಕಿತ್ತು ಕುಂಬಳ ಹಾಕಿತು. ಶಾಲೆಯ ಆಟದ ಬಯಲಿನಲ್ಲಿ ಕುಂಬಳ, ಗೋರಿಗಳ ನಡುವೆ ಕುಂಬಳ. ಆ ವರ್ಷ ಹಡಗು ಬಂದು, ನಿಂತು, ನಮ್ಮ ಬೆಟ್ಟದಂಥ ರಾಶಿಯನ್ನು ನೋಡಿ, ಹೆದರಿ ಹಿಂತಿರುಗಿತು ಎಂದು ನಾವು ಹೇಳುತ್ತೇವೆ. ಬೇರೆ ದೇಶದವರೂ ಕುಂಬಳ ಬೆಳೆದಿದ್ದರು ಎಂದು ರೇಡಿಯೋ ಹೇಳಿತು. ಹೇಗೂ ಕುಂಬಳ ನಮ್ಮಲ್ಲೇ ಉಳಿಯಿತು.

ಬೇಯಿಸಿ ತಿಂದೆವು, ಸುಟ್ಟು ತಿಂದೆವು, ತೆಂಗಿನ ಹಾಲು ಹಾಕಿ ತಿಂದೆವು, ಕೊನೆಗೆ ಬೇರೆ ಏನೋ ಎಂದುಕೊಂಡು ಕಣ್ಣು ಮುಚ್ಚಿ ತಿಂದೆವು. ಹುಟ್ಟಿದ ಕೂಸುಗಳು ಹಳದಿಯಾಗಿದ್ದವು. ಹಂದಿಗಳಿಗೆ ಹಾಕಿದೆವು. ಎರಡು ವಾರ ತಿಂದು ಮೂರನೆಯ ವಾರ ಅವು ಬೇಲಿ ಮುರಿದು ಸಮುದ್ರದ ಕಡೆಗೆ ನಡೆದವು. ಅಂಗಡಿಯ ಕಪಾಟಿನಲ್ಲಿ ಡಬ್ಬಿ ಮಾಂಸವಿರುತ್ತಿದ್ದ ಜಾಗದಲ್ಲಿ ಧೂಳಿತ್ತು. ಆಕ್ಲೆಂಡಿನ ನೆಂಟರು ಫೋನಿನಲ್ಲಿ ಮಾತು ಶುರುವಾಗುವ ಮೊದಲೇ ತಮ್ಮ ಕಷ್ಟ ಹೇಳಿಕೊಳ್ಳುವುದನ್ನು ಕಲಿತರು. ಇದರ ನಡುವೆ ಒಂದು ಚಂಡಮಾರುತ ಬಂದು, ಉಳಿದವರನ್ನೆಲ್ಲ ಬಿಟ್ಟು, ತೋಕಿಲುಪೆಯ ಮನೆಯ ಮಾಡನ್ನು ಎತ್ತಿಕೊಂಡು ಹೋಯಿತು.

ಗಂಡ, ನಾಲ್ಕು ಮಕ್ಕಳು, ಮೇಲೆ ನೀಲಿ ತಾಡಪಾಲು. ಮಳೆ ಬಂದರೆ ತಾಡಪಾಲಿನ ಹೊಟ್ಟೆ ತುಂಬಿ ಜೋತುಬೀಳುತ್ತಿತ್ತು, ಅದನ್ನು ಕೋಲಿನಿಂದ ಎತ್ತಿ ನೀರು ಚೆಲ್ಲುವುದು ಗಂಡನ ಕೆಲಸ. ಆ ಮನುಷ್ಯ ಮದುವೆಯಾದ ಮೇಲೆ ಮಾಡಿದ ಮೊದಲ ಕೆಲಸ ಅದು.

ಹಾಗಿರುವಾಗ ಆಕ್ಲೆಂಡಿನಿಂದ ಚಿಕ್ಕಪ್ಪನ ಮಗಳು ಲೆಸಿಯೆಲಿ ಒಂದು ಒಪ್ಪಂದ ಕಳಿಸಿದಳು. ಅವಳ ಮಗನಿಗೆ ಮದುವೆ ಗೊತ್ತಾಗಿತ್ತು. ಅಲ್ಲಿನವರ ಮುಂದೆ ಹರವಲು ಕೈಬೆರಳ ನೇಯ್ಗೆಯ, ರೇಷ್ಮೆಯಂಥ ಒಂದು ಚಾಪೆ ಬೇಕು. ಕ್ರಿಸ್‌ಮಸ್ಸಿಗೆ ಬರುವಾಗ ಅದರ ಬದಲಿಗೆ ಮನೆಗಾಗುವಷ್ಟು ಹೊಸ ತಗಡನ್ನು ಹಡಗಿನಲ್ಲಿ ತರುತ್ತೇನೆ ಎಂದಳು. ನಮ್ಮ ಹೆಂಗಸರು ಹೀಗೆ ಕಡಲಾಚೆಯ ಹೆಂಗಸರೊಡನೆ ಬದಲಾಯಿಸಿಕೊಳ್ಳುವುದು ಹೊಸದಲ್ಲ. ತೋಕಿಲುಪೆ ಅಂಥದೇ ಒಂದನ್ನು ಎರಡು ವರ್ಷದಿಂದ ನೇಯುತ್ತಿದ್ದಳು. ಎಲೆಯನ್ನು ಸಮುದ್ರದಲ್ಲಿ ನೆನೆಸಿ, ಬಿಳಿಚಿಸಿ, ಕೂದಲಿನಂತೆ ಸೀಳಿ, ಬೆಳಕು ಸರಿಯಾಗಿದ್ದ ಗಂಟೆಗಳಲ್ಲಿ ಮಾತ್ರ ಕೂತು ನೇಯ್ದದ್ದು. ಆ ಚಾಪೆಯೇ ಅವಳ ಮಾಡು ಎಂದು ಗೊತ್ತಾಯಿತು. ಅದನ್ನು ಸುತ್ತಿ, ತಾಡಪಾಲಿನ ಒಣಗಿದ ಮೂಲೆಯಲ್ಲಿ ಕಟ್ಟಿಹಾಕಿ, ಮಕ್ಕಳಿಗೆ ಆ ಕಡೆ ಉಸಿರಾಡಬಾರದು ಎಂದಳು.

ಕಲೋಲೈನೆಗೆ ಇದು ಮಾರನೆಯ ದಿನವೇ ತಿಳಿಯಿತು. ನೇಯ್ಗೆಯ ಚಪ್ಪರಕ್ಕೆ ಅವಳು ದಿನಾ ಬರುತ್ತಿದ್ದಳು, ನೇಯಲು ಅಲ್ಲ, ಇತರರು ನೇಯುವುದು ನೋಡಿ ದಣಿಯಲು.

"ಏನೇ ತೋಕಿ, ಯಾವುದೋ ದೊಡ್ಡ ಚಾಪೆಯಂತೆ," ಎಂದಳು.

"ಹೂಂ ಅಕ್ಕ."

"ನಾವ್ಯಾರೂ ನೋಡ್ಲೇ ಇಲ್ಲ."

"ನೋಡೋಕೇನಿದೆ, ಚಾಪೆ ತಾನೆ."

"ಅದೇ ಅಂದ್ಕೊಂಡೆ. ತೋರಿಸೋ ಹಂಗಿದ್ರೆ ನೀನು ತೋರಿಸ್ತಿದ್ದೆ. ಪಾಪ, ಲೆಸಿಯೆಲಿಗೆ ದೂರದಿಂದ ಏನು ಗೊತ್ತಾಗುತ್ತೆ. ಗೋಣಿಚೀಲ ಕೊಟ್ರೂ ಆಕ್ಲೆಂಡಲ್ಲಿ ನಡೆಯುತ್ತೆ ಬಿಡು."

ನನ್ನ ಹೆಂಡತಿ ಆಗ ಅಲ್ಲೇ ಕೂತಿದ್ದಳು. ತೋಕಿಲುಪೆಯ ಕಿವಿ ಕೆಂಪಾದದ್ದು ಇಡೀ ಚಪ್ಪರಕ್ಕೆ ಬೆಳಕು ಕೊಟ್ಟಿತು ಎಂದು ಮನೆಗೆ ಬಂದು ಹೇಳಿದಳು.

ಡಿಸೆಂಬರಿನ ಮೊದಲ ವಾರ ಸಾಯ್ಮೋನೆಯ ಹಿರಿಯ ಮಗಳು ಪಿಸಿಲಾಗೆ ಇಪ್ಪತ್ತೊಂದು ತುಂಬಿತು. ಕಷ್ಟಕಾಲ ಎಂದು ಹುಟ್ಟುಹಬ್ಬ ಬಿಡಲಾಗುತ್ತದೆಯೇ? ಊಟ ಬಿಡಬಹುದು. ಸಾಯ್ಮೋನೆ ಅಂಗಳದಲ್ಲಿ ಚಪ್ಪರ ಹಾಕಿಸಿದ. ಚಪ್ಪರದ ಹಿಂದೆ ಅವನ ಮಾರಾಟವಾಗದ ಕುಂಬಳದ ರಾಶಿಯಿತ್ತು, ಅದು ಚಪ್ಪರಕ್ಕಿಂತ ಎತ್ತರವಿದ್ದುದರಿಂದ ಮುಂದೆ ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಒಂದು ಪರದೆ ಕಟ್ಟಿಸಿದ. ಪಕ್ಕದ ಹಳ್ಳಿಯವರು ಅದನ್ನು ಹೊಸ ಚರ್ಚು ಎಂದುಕೊಂಡರು.

ತೋಕಿಲುಪೆ ಆ ದಿನ ಒಂದು ಸಾಧಾರಣ ಚಾಪೆ ತಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತಂದೂ ಇದ್ದಳು. ಆದರೆ ಎರಡು ವರ್ಷ ನೇಯ್ದವಳಿಗೆ ಆ ಗೋಣಿಚೀಲದ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಚಾಪೆ ಆಕ್ಲೆಂಡಿಗೆ ಹೋಗುವುದು ಸರಿ, ನಮ್ಮೂರಿನವರ ಕಣ್ಣಿಗೆ ಬೀಳದೆ ಹೋಗುವುದೇ? ಸಮಾರಂಭಕ್ಕೆ ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಉಡುವುದು ನಮ್ಮ ಪದ್ಧತಿ. ಬೆಳಿಗ್ಗೆ ಪಿಸಿಲಾಳನ್ನು ಒಳಗೆ ಕರೆದು ಆ ಚಾಪೆಯನ್ನು ಅವಳ ಸೊಂಟಕ್ಕೆ ತಾನೇ ಸುತ್ತಿ ಕಟ್ಟಿದಳು.

"ಒಂದು ಗಂಟೆ ಹೊತ್ತು ಉಟ್ಕೊಂಡು ಓಡಾಡು, ಅಷ್ಟೇ. ಕೇಕ್ ಕೊಯ್ದ ತಕ್ಷಣ ಒಳಗೆ ಬಂದು ಬಿಚ್ಚಿ ಕೊಟ್ಬಿಡು."

"ಅತ್ತೆ, ದೊಡ್ಡತ್ತೆ ಕೇಳಿದ್ರೆ?"

"ಕೇಳೋದ್ರೊಳಗೆ ಬಿಚ್ಚಿರ್ತೀಯ."

ಫಾಹು ಕೂತ ಚಪ್ಪರದೊಳಕ್ಕೆ ತನ್ನ ಮಾಡನ್ನು ತಾನೇ ಉಡಿಸಿ ಕಳಿಸಿದಳು. ಹಸಿದ ಹಂದಿಗೆ ಮರಿಯ ಕೈಯಲ್ಲಿ ಕೆಸು ಕೊಟ್ಟು ಕಳಿಸುವವರೂ ಒಮ್ಮೆ ಯೋಚಿಸುತ್ತಾರೆ.

ಪಿಸಿಲಾ ಹೊರಗೆ ಬಂದಳು. ನಾನು ಸುಮ್ಮನೆ ಉತ್ಪ್ರೇಕ್ಷೆ ಮಾಡುವವನಲ್ಲ, ಆ ಚಾಪೆಯ ಹೊಳಪಿಗೆ ವಾದ್ಯದವರ ಹಿತ್ತಾಳೆಯ ತುತ್ತೂರಿಗಳು ಮಂಕಾದವು. ಮುದುಕಿಯರು ಎದ್ದು ಬಂದು ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಹಿತ್ತಲಿನ ಹೊಗೆಯಲ್ಲಿ ನಿಂತ ತೋಕಿಲುಪೆ ಕಲ್ಲು ತಿರುವುವುದನ್ನು ಮರೆತು ಕಣ್ತುಂಬ ನೋಡಿದಳು. ಕೇಕು ಕೊಯ್ದರು. ಮೂರು ಅಂತಸ್ತಿನ ಕೇಕಿನಲ್ಲಿ ಮೂರೂ ಕುಂಬಳದವು. ಪಿಸಿಲಾ ಒಳಕ್ಕೆ ಒಂದು ಹೆಜ್ಜೆ ಇಟ್ಟಳು.

"ಮಗಾ," ಎಂದಳು ಕಲೋಲೈನೆ ಎತ್ತರದ ಕುರ್ಚಿಯಿಂದ, ಬಾಯಲ್ಲಿ ಕೇಕಿನ ಮೇಲಿನ ಅಂತಸ್ತಿಟ್ಟುಕೊಂಡು, "ಆ ಸೊಂಟದ್ದು ಬಿಚ್ಚಿ ಅತ್ತೆಗೆ ಕೊಡು. ಸೆಖೆ ನೋಡು ಎಷ್ಟಿದೆ, ನಿನಗೆ ಭಾರ."

ಪಿಸಿಲಾ ಹಿತ್ತಲಿನ ಕಡೆ ನೋಡಿದಳು. ಸಾಯ್ಮೋನೆ ಅಕ್ಕನ ಮುಂದೆ ತಲೆಯೆತ್ತದವನು, ಆಗಲೂ ನೆಲದಲ್ಲಿ ಏನನ್ನೋ ಹುಡುಕಿದ. ಪಿಸಿಲಾ ಬಿಚ್ಚಿ ಕೊಟ್ಟಳು. ಕೊಡದಿರಲು ನಮ್ಮಲ್ಲಿ ದಾರಿಯಿಲ್ಲ, ರಾಜನ ಮಗಳಿಗೂ ಇಲ್ಲ.

ತೋಕಿಲುಪೆ ಕಿರುಚುತ್ತಾಳೆಂದು ಎಲ್ಲರೂ ಕಾದರು. ಅವಳು ಕೈ ಒರೆಸಿಕೊಂಡು ಹಿತ್ತಲಿನಿಂದ ಬಂದಳು, ಮೈತುಂಬ ಬೂದಿ. ಅಕ್ಕನ ಮುಂದೆ ತಗ್ಗಿ ಕೂತಳು.

"ಅಕ್ಕ, ತಗೋ. ನಿನ್ನ ಹಕ್ಕು. ಆದ್ರೆ ಬರೀ ಚಾಪೆ ಕೊಟ್ಟು ಫಾಹುನ ಕಳಿಸಿದ್ರೆ ತಮ್ಮನ ಮರ್ಯಾದೆ ಏನಾಗುತ್ತೆ?" ಆಮೇಲೆ ಸಾಯ್ಮೋನೆಯ ಕಡೆ ತಿರುಗಿದಳು. "ತಮ್ಮಾ, ನೀನು ಅಕ್ಕನಿಗೆ ಅಂತ ಇಟ್ಟಿರೋ ಉಡುಗೊರೆ ಯಾಕೆ ಮುಚ್ಚಿಟ್ಟಿದ್ದೀಯ. ಆ ಪರದೆ ತೆಗಿ."

ಸಾಯ್ಮೋನೆ ಜೀವನದಲ್ಲಿ ಮೊದಲ ಬಾರಿಗೆ ತಲೆಯೆತ್ತಿದ. ಅವನಿಗೆ ಅವಳೂ ಅಕ್ಕನೇ, ಅವಳ ಮಾತನ್ನೂ ಮೀರುವಂತಿಲ್ಲ. ಇಷ್ಟು ಸಂತೋಷದಿಂದ ಯಾವ ತಮ್ಮನೂ ಅಕ್ಕನ ಮಾತು ಕೇಳಿರಲಿಕ್ಕಿಲ್ಲ. ಪರದೆ ಎಳೆದ. ಬೆಟ್ಟ ಕಾಣಿಸಿತು.

ಮಾತು ಆಡಲೆಂದೇ ಊರಿನಲ್ಲಿರುವ ಮುದುಕ ಫಿನೆಹಿಕಾ ಎದ್ದು ನಿಂತು ಗಂಟಲು ಸರಿಪಡಿಸಿಕೊಂಡ. ಈ ಮನೆಯ ಗೌರವ, ಈ ಮಣ್ಣಿನ ಬೆವರು, ಸೋದರತ್ತೆಯ ಪಾದಕ್ಕೆ ಎಂದು ಅರ್ಧ ಗಂಟೆ ಕುಂಬಳವನ್ನು ಹೊಗಳಿದ. ಜಪಾನಿನವರಿಗೂ ಸಿಗದ ಭಾಗ್ಯ ಎಂದ.

ಕಲೋಲೈನೆ ಕೇಕು ನುಂಗುವುದನ್ನು ನಿಲ್ಲಿಸಿದ್ದಳು. ಫಾಹು ಆದವಳು ಕೊಟ್ಟದ್ದರಲ್ಲಿ ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟರೆ ಕೊಟ್ಟ ಮನೆಯ ಮುಖಕ್ಕೆ ಉಗಿದಂತೆ. ಎಲ್ಲ ತೆಗೆದುಕೊಳ್ಳಬೇಕು, ಇಲ್ಲವೇ ಎಲ್ಲ ಬಿಡಬೇಕು. ಚಾಪೆ ಅವಳ ತೊಡೆಯ ಮೇಲಿತ್ತು. ಅವಳು ಅದನ್ನು ನೋಡಿದಳು, ಬೆಟ್ಟವನ್ನು ನೋಡಿದಳು, ಎದುರಿಗೆ ಬೂದಿ ಬಳಿದುಕೊಂಡು ನಮ್ರಳಾಗಿ ಕೂತ ತಂಗಿಯನ್ನು ನೋಡಿದಳು.

"ನನಗೆ ತೃಪ್ತಿಯಾಯ್ತು," ಎಂದಳು. "ಊರವರೆಲ್ಲ ನನ್ನ ಪಾಲಿನಿಂದ ಒಂದೊಂದು ಬುಟ್ಟಿ ತಗೊಂಡು ಹೋಗಿ. ಹಂಚಿ ತಿನ್ನೋಣ."

ಮೂವತ್ತು ವರ್ಷದಲ್ಲಿ ಅವಳು ಹಂಚುತ್ತೇನೆ ಎಂದದ್ದು ಅದೇ ಮೊದಲು. ನಮಗೆಲ್ಲ ಕಣ್ಣು ತುಂಬಿ ಬಂತು. ಅಷ್ಟು ಯೋಗ್ಯತೆ ನಮಗಿಲ್ಲ ಎಂದು ಒಬ್ಬೊಬ್ಬರಾಗಿ ಕೈಮುಗಿದೆವು.

"ಹಾಗಾದ್ರೆ ಚಾಪೆ ಬಿಟ್ಬಿಡಕ್ಕ, ಎರಡೂ ಬಿಟ್ಬಿಡು," ಎಂದಳು ತೋಕಿಲುಪೆ ಬಹಳ ಮೆತ್ತಗೆ. "ಯಾರೂ ಏನೂ ಅಂದ್ಕೊಳಲ್ಲ."

ಅಷ್ಟು ಮೆತ್ತಗೆ ಹೇಳಬಾರದಿತ್ತು. ಇನ್ನು ಸ್ವಲ್ಪ ಒರಟಾಗಿ ಹೇಳಿದ್ದರೆ ಕಲೋಲೈನೆ ಬಿಡುತ್ತಿದ್ದಳೇನೋ.

"ಟ್ರಕ್ ತರಿಸು," ಎಂದಳು.

ಟ್ರಕ್ಕು ಎರಡು ದಿನ ಓಡಿತು. ಸಾಯ್ಮೋನೆ ತಾನೇ ನಿಂತು, ಒಂದು ಕಾಯಿಯೂ ಹಿಂದೆ ಉಳಿಯದಂತೆ, ಅಕ್ಕನ ಮೇಲಿನ ಭಕ್ತಿಯಿಂದ ತುಂಬಿಸಿದ. ಮುಂದಿನ ಕೋಣೆ ತುಂಬಿತು. ಜಗುಲಿ ತುಂಬಿತು. ಕಿಟಕಿಗಳಿಂದ ಕುಂಬಳಗಳು ರಸ್ತೆ ನೋಡುತ್ತ ಕೂತವು. ಕಲೋಲೈನೆ ಮಲಗುವ ಕೋಣೆಗೆ ಹೋಗಲು ಅಡ್ಡ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು ನಡೆಯುತ್ತಿದ್ದಳು. ಒಂದು ವಾರದಲ್ಲಿ ತೆಳ್ಳಗಾದಳು. ಹೊಸ ಚಾಪೆಯನ್ನು ಹಾಸಿಗೆಯ ಕೆಳಗೆ ಎಲ್ಲಕ್ಕಿಂತ ಮೇಲಿಟ್ಟು, ಅದರ ಮೇಲೆ ಮಲಗಿ, ಇಷ್ಟು ನುಣುಪಾದ್ದರ ಮೇಲೆ ಎಂದೂ ಮಲಗಿರಲಿಲ್ಲ ಎಂದು ಬೇಲಿಯಾಚೆಯಿಂದ ನನ್ನ ಹೆಂಡತಿಗೆ ಎರಡೆರಡು ಸಲ ಹೇಳಿದಳು. ತೋಕಿಲುಪೆಯ ಮನೆ ಆಚೆ ಬೀದಿಯಲ್ಲಿತ್ತು, ಆದರೂ ಅಲ್ಲಿಗೆ ಕೇಳಿಸಿತು.

ತೋಕಿಲುಪೆ ಆ ದಿನಗಳಲ್ಲಿ ನೇಯ್ಗೆಯ ಚಪ್ಪರಕ್ಕೆ ಬರಲಿಲ್ಲ. ತಾಡಪಾಲಿನ ಕೆಳಗೆ ಕೂತು ತೂತುಗಳನ್ನು ಎಣಿಸುತ್ತಿದ್ದಳು. ಲೆಸಿಯೆಲಿ ಇನ್ನು ಹತ್ತೇ ದಿನದಲ್ಲಿ ಬರುವವಳಿದ್ದಳು.

ಆಮೇಲೆ ಸೆಖೆ ಏರಿತು. ಬೆಟ್ಟದ ತಳದಲ್ಲಿ ಎಲ್ಲೋ ಒಂದು ಕುಂಬಳ ಕೊಳೆಯಿತು, ಅದನ್ನು ನೋಡಿ ಪಕ್ಕದ್ದು ಕೊಳೆಯಿತು. ಆ ವಾಸನೆಗೆ ಸಾಗರದ ಮೇಲೆ ಹೋಗುತ್ತಿದ್ದ ವಿಮಾನಗಳು ದಾರಿ ಬದಲಿಸಿದವು. ವಾಸನೆಯನ್ನು ಕಲೋಲೈನೆ ಸಹಿಸಿದಳು, ನೊಣವನ್ನು ಸಹಿಸಿದಳು. ರಸ ಮಾತ್ರ ಹಳದಿಯಾಗಿ, ನಿಧಾನವಾಗಿ, ಬಾಗಿಲ ಸಂದಿಯಿಂದ ಮಂಚದ ಕಾಲಿನ ಕಡೆಗೆ ಹರಿದುಬಂತು. ಚಾಪೆಗೆ ತೇವ ತಗಲಿದರೆ ಮುಗಿಯಿತು, ಮೂರು ದಿನದಲ್ಲಿ ಕಪ್ಪು ಬೂಷ್ಟು.

ಕುಂಬಳವನ್ನು ಹೊರಗೆ ಎಸೆಯಬಹುದಿತ್ತು. ಎಸೆದರೆ ತಂಗಿ ಗೆದ್ದಂತೆ. ಆದ್ದರಿಂದ ಅವಳು ಕುಂಬಳವನ್ನು ಮನೆಯಲ್ಲಿ ಬಿಟ್ಟು ಮಂಚವನ್ನು ಹೊರಗೆ ತಂದಳು. ನಮ್ಮ ಮನೆಗೆ ಮೊದಲು ಬಂದಳು. ನಮ್ಮ ಮನೆಯಲ್ಲಿ ಆ ಬೆಳಿಗ್ಗೆಯಿಂದ ಜಾಗವಿರಲಿಲ್ಲ. ಊರಿನ ಯಾರ ಮನೆಯಲ್ಲೂ ಆ ಬೆಳಿಗ್ಗೆಯಿಂದ ಜಾಗವಿರಲಿಲ್ಲ. ಪಾದ್ರಿ ಚರ್ಚಿಗೇ ಬೀಗ ಹಾಕಿ ಪ್ರಾರ್ಥನೆಗೆ ಹೋದ. ಸಾಯ್ಮೋನೆಯ ಮನೆಗೆ ಅವಳೇ ಹೋಗುವಂತಿಲ್ಲ, ಅಕ್ಕ ತಮ್ಮ ಒಂದೇ ಸೂರಿನಡಿ ಮಲಗುವ ಪದ್ಧತಿ ನಮ್ಮಲ್ಲಿಲ್ಲ. ಹೀಗೆ ಮಂಚ, ಚಾಪೆಗಳು, ಏಣಿ, ಎಲ್ಲ ಮೆರವಣಿಗೆಯಾಗಿ ತೋಕಿಲುಪೆಯ ಬಾಗಿಲಿಗೆ ಬಂದವು.

"ಎರಡು ದಿನ," ಎಂದಳು ಕಲೋಲೈನೆ.

"ಬಾರಕ್ಕ. ಮನೆ ನಿನ್ನದೇ," ಎಂದಳು ತೋಕಿಲುಪೆ. "ಮೇಲಿನ ಆಕಾಶಾನೂ ನಿನ್ನದೇ."

ಮಂಚ ನಿಲ್ಲಿಸಿದರು, ಚಾಪೆ ಪೇರಿಸಿದರು. ಕಲೋಲೈನೆ ಹತ್ತಿ ಮಲಗಿದಳು. ತಾಡಪಾಲು ಸರಿಯಾಗಿ ಅವಳ ಮೂಗಿನ ಮೇಲೆ ಕೂತಿತು. ಸಂಜೆ ಮಳೆ ಬಂತು. ಹೊಟ್ಟೆ ತುಂಬಿದ ತಾಡಪಾಲು ಅವಳ ಹೊಟ್ಟೆಯ ಮೇಲೆ ಇಳಿದು, ಅಲ್ಲಿಂದ ಅಂಚಿನಲ್ಲಿ ತೊಟ್ಟಿಕ್ಕಲು ಶುರುಮಾಡಿತು.

"ತೋಕೀ, ನೀರು."

"ಹೌದಕ್ಕ, ಮಳೆ ಅಂತಾರೆ ಅದನ್ನ."

"ಚಾಪೆ ನೆನೆಯುತ್ತೆ ಕಣೇ."

"ನಿನ್ನ ಚಾಪೆ. ನೀನು ನೋಡ್ಕೋ."

ಆದರೆ ಹಾಗೆಂದವಳೇ ಗಂಡನ ಕೈಯಿಂದ ಕೋಲು ಕಿತ್ತುಕೊಂಡು ತಾಡಪಾಲನ್ನು ಎತ್ತಿಹಿಡಿದು ನಿಂತಳು. ಮೂವತ್ತು ವರ್ಷ ನೇಯ್ದದ್ದು ನೆನೆಯುವುದನ್ನು ನೋಡಲು ಅವಳ ಕೈಯಿಂದ ಆಗಲಿಲ್ಲ. ಮಳೆ ನಿಲ್ಲುವವರೆಗೆ ಒಬ್ಬಳು ಮೇಲೆ ಮಲಗಿ ಕೈಯಿಂದ, ಒಬ್ಬಳು ಕೆಳಗೆ ನಿಂತು ಕೋಲಿನಿಂದ, ಒಂದೇ ತಾಡಪಾಲನ್ನು ಎತ್ತಿ ಹಿಡಿದರು. ಬೈದುಕೊಳ್ಳುವುದನ್ನು ಮಾತ್ರ ಇಬ್ಬರೂ ನಿಲ್ಲಿಸಲಿಲ್ಲ. ಹನ್ನೊಂದು ತಿಂಗಳ ಲೆಕ್ಕದಿಂದ ಶುರುವಾಗಿ, ಅವ್ವ ಯಾರಿಗೆ ಮೊಲೆಹಾಲು ಬೇಗ ಬಿಡಿಸಿದಳು ಎಂಬಲ್ಲಿಗೆ ಬರುವಷ್ಟರಲ್ಲಿ ಮಳೆಯೇ ಬೇಸತ್ತು ನಿಂತಿತು.

ಕ್ರಿಸ್‌ಮಸ್ಸಿಗೆ ಮೂರು ದಿನವಿರುವಾಗ ಲೆಸಿಯೆಲಿ ಬಂದಳು. ತಗಡು ನುಕುಅಲೋಫಾದ ಬಂದರಿನಲ್ಲಿ ಇಳಿದಿತ್ತು. ಚಾಪೆ ಎಲ್ಲಿ ಎಂದಳು. ತೋಕಿಲುಪೆ ಮಂಚದ ಮೇಲಕ್ಕೆ ನೋಡಿದಳು.

ಕಲೋಲೈನೆ ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಅವಳ ತೋಳಿನಲ್ಲಿ ಆ ಚಾಪೆಯಿತ್ತು. ಇಡೀ ದ್ವೀಪದಲ್ಲಿ ಅವಳು ತಾನಾಗಿ ಕೊಟ್ಟದ್ದನ್ನು ಕಂಡವರು ಆವರೆಗೆ ಯಾರೂ ಇರಲಿಲ್ಲ, ಆದ್ದರಿಂದ ಹೇಗೆ ಕೊಡುವುದೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೂಸನ್ನು ಕೊಟ್ಟಂತೆ ಕೊಟ್ಟಳು.

"ತಗಡು ಈ ಮನೆಗೇ ಹಾಕಿಸು," ಎಂದಳು. "ಇವಳಿಗೋಸ್ಕರ ಅಲ್ಲ. ನನ್ನ ಉಳಿದ ಚಾಪೆ ಒಣಗಿರಬೇಕು, ಅದಕ್ಕೆ."

ಲೆಸಿಯೆಲಿ ಚಾಪೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಯಾರು ನೇಯ್ದದ್ದು ಇದು?"

ತೋಕಿಲುಪೆ ಬಾಯಿ ತೆರೆಯುವ ಮೊದಲೇ ಕಲೋಲೈನೆ ಹೇಳಿದಳು. "ನನ್ನ ತಂಗಿ. ಈ ದ್ವೀಪದಲ್ಲಿ ಇನ್ನಾರಿಗೂ ಆಗಲ್ಲ." ಆಮೇಲೆ, ತಾನೇ ಗಾಬರಿಯಾದವಳಂತೆ, "ಅಂಚು ಸ್ವಲ್ಪ ಸೊಟ್ಟ," ಎಂದು ಸೇರಿಸಿದಳು.

ಅಂಚು ಸೊಟ್ಟವಿರಲಿಲ್ಲ.

ತಗಡಿನ ಮಾಡು ಈಗಲೂ ಅಲ್ಲಿದೆ. ಬಿಸಿಲಿಗೆ ಮಿರುಗಿ ಮೀನುಗಾರರಿಗೆ ದೀಪಸ್ತಂಭದಂತೆ ಕಾಣುತ್ತದೆ. ಕಲೋಲೈನೆಯ ಆ ಎರಡು ದಿನಕ್ಕೆ ಈ ಕ್ರಿಸ್‌ಮಸ್ಸಿಗೆ ಒಂಬತ್ತು ವರ್ಷ ತುಂಬುತ್ತದೆ. ಅವಳ ಸ್ವಂತ ಮನೆಯಲ್ಲಿ ಕುಂಬಳ ಬಿದ್ದು, ಬೀಜ ಮೊಳೆತು, ಬಳ್ಳಿ ಕಿಟಕಿಯಿಂದ ಹೊರಬಂದು, ಚಾವಣಿ ಹತ್ತಿ, ಈಗ ಆ ಮನೆಯನ್ನು ಬಳ್ಳಿಯೇ ಹಿಡಿದು ನಿಲ್ಲಿಸಿದೆ. ಸಾಯ್ಮೋನೆಯ ಮಕ್ಕಳ ಮದುವೆಗೆ ಅವಳು ಇವತ್ತಿಗೂ ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ, ತೋಕಿಲುಪೆ ಹಿತ್ತಲಿನಲ್ಲಿ ಕಲ್ಲು ಕಾಯಿಸುತ್ತಾಳೆ. ಅಲ್ಲಿ ಸಿಕ್ಕ ಚಾಪೆ ಕಲೋಲೈನೆಯ ಜೊತೆ ಮನೆಗೆ ಬರುತ್ತದೆ, ಅಂದರೆ ತೋಕಿಲುಪೆಯ ಮನೆಗೇ ಬರುತ್ತದೆ, ಮಂಚ ಇನ್ನೊಂದು ಬೆರಳು ಏರುತ್ತದೆ. ಚಾಪೆ ಯಾರದು ಎಂದು ಯಾರೂ ಕೇಳುವುದಿಲ್ಲ. ಕೇಳಿದವರಿಗೆ ಇಬ್ಬರೂ ಸೇರಿ ಬೈಯುತ್ತಾರೆ.

ಮೊನ್ನೆ ಬೆಳಿಗ್ಗೆ ನಾನು ಆ ಕಡೆ ಹೋಗಿದ್ದೆ. ತೋಕಿಲುಪೆ ಹೊಸ ಎಳೆಗಳನ್ನು ಸುತ್ತಿ ನೇಯ್ಗೆಯ ಚಪ್ಪರಕ್ಕೆ ಹೊರಟಿದ್ದಳು. ಒಳಗೆ ಎತ್ತರದಿಂದ ದನಿ ಬಂತು.

"ತೋಕೀ, ನಿನ್ನೆ ಶುರು ಮಾಡಿದ್ಯಲ್ಲ, ಅದರ ಅಂಚು ಸೊಟ್ಟ ಹೋಗ್ತಿದೆ. ಇಲ್ಲಿಂದಾನೇ ಕಾಣ್ತು."

"ಇಳಿದು ಬಂದು ತೋರಿಸಕ್ಕ."

ಮೇಲೆ ಮಂಚ ಕಿರುಗುಟ್ಟಿತು.

"ಏಣಿ ಎಲ್ಲೇ?"

ತೋಕಿಲುಪೆ ಕೇದಗೆಯ ಸುರುಳಿಯನ್ನು ಒಂದು ಕಂಕುಳಿಗೆ, ಏಣಿಯನ್ನು ಇನ್ನೊಂದು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಮುಂದೆಯೇ ನಡೆದು ಹೋದಳು.

"ಮಧ್ಯಾಹ್ನ ತರ್ತೀನಿ," ಎಂದು ಹಿಂತಿರುಗಿ ನೋಡದೆ ಕೂಗಿದಳು. "ಹನ್ನೊಂದು ಗಂಟೆ ಹೊತ್ತಿಗೆ ಹಸಿವಾದ್ರೆ ಹೇಳು, ಕುಂಬಳ ಬೇಯಿಸಿಟ್ಟಿದ್ದೀನಿ."